'ಲಿಂಗ್ವಿಸ್ಟ್' ಎಂಬ ಪದ ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷೆಯ ವಿದ್ವಾಂಸರಿಗೆ ಇಂಗ್ಲಿಷಿನಲ್ಲಿ ಇರುವ ಹೆಸರುಗಳ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಧ್ವನಿನಿಯಮಗಳ ಲೆಕ್ಕಾಚಾರ ಬೇಡುವವು ಆಮೇಲೆ.

## ಮೊದಲ ಪರಿಚಯ

ಲಿಂಗ್ವಿಸ್ಟ್ ಅಂದ್ರೆ ಜಾಸ್ತಿ ಭಾಷೆ ಬಲ್ಲವರಾ, ಭಾಷೆಯ ಬಗ್ಗೆ ಓದಿದವರಾ?

ಎರಡೂ ಹೌದು. ಇಂಗ್ಲಿಷ್ ನಿಘಂಟುಗಳು ಎರಡು ಅರ್ಥಗಳನ್ನೂ ಕೊಡುತ್ತವೆ. ಒಂದು, ಹಲವು ಭಾಷೆಗಳನ್ನು ಸರಾಗವಾಗಿ ಆಡಬಲ್ಲ ವ್ಯಕ್ತಿ. ಇನ್ನೊಂದು, ಭಾಷೆಯ ರಚನೆ, ಧ್ವನಿ, ಅರ್ಥ, ಇತಿಹಾಸಗಳನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡುವ ವ್ಯಕ್ತಿ. ಭಾಷಾವಿಜ್ಞಾನ ಓದಿದವರಿಗೆ 'ನಿಮಗೆ ಎಷ್ಟು ಭಾಷೆ ಬರುತ್ತೆ?' ಎಂಬ ಪ್ರಶ್ನೆ ಹೋದಲ್ಲೆಲ್ಲ ಎದುರಾಗುತ್ತದೆ, ಅನೇಕರು ಅದರಿಂದ ಬೇಸರಪಡುತ್ತಾರೆ. ಆದರೆ ಕೇಳಿದವರದು ತಪ್ಪಲ್ಲ. ಅವರು ಪದದ ಹಳೆಯ ಅರ್ಥವನ್ನು ಹಿಡಿದು ಕೇಳುತ್ತಿದ್ದಾರೆ. ವಿದ್ವಾಂಸ ಎಂಬ ಅರ್ಥ ಆಮೇಲೆ ಬಂದು ಸೇರಿಕೊಂಡದ್ದು.

ಇವತ್ತಿಗೂ ಎರಡು ಅರ್ಥಗಳು ಅಕ್ಕಪಕ್ಕದಲ್ಲೇ ಬದುಕಿವೆ. ಬ್ರಿಟನ್ನಿನಲ್ಲಿ 1910ರಲ್ಲಿ ಹುಟ್ಟಿದ, ಈಗ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟ್ಸ್ ಎಂಬ ಹೆಸರಿನ ಸಂಸ್ಥೆ ಅನುವಾದಕರು, ದುಭಾಷಿಗಳು, ಭಾಷಾ ಶಿಕ್ಷಕರಂಥವರದು. ಅಮೆರಿಕದಲ್ಲಿ 1924ರಲ್ಲಿ ಶುರುವಾದ ಲಿಂಗ್ವಿಸ್ಟಿಕ್ ಸೊಸೈಟಿ ಆಫ್ ಅಮೆರಿಕ ಭಾಷಾವಿಜ್ಞಾನಿಗಳದು. ಅದೇ ಅಮೆರಿಕದ ಸೇನೆಯಲ್ಲಿ ಲಿಂಗ್ವಿಸ್ಟ್ ಅಂದರೆ ಪರಭಾಷೆ ಬಲ್ಲ ಸಿಬ್ಬಂದಿ.

ಪದವನ್ನು ಬಿಡಿಸಿದರೆ ಏನೇನು ಸಿಗುತ್ತೆ?

ಎರಡು ತುಂಡು. ಮೊದಲನೆಯದು ಲ್ಯಾಟಿನ್ನಿನ 'ಲಿಂಗ್ವಾ'. ಅದಕ್ಕೆ ಬಾಯೊಳಗಿನ ನಾಲಿಗೆ ಎಂಬುದೂ ಅರ್ಥ, ಆಡುವ ಭಾಷೆ ಎಂಬುದೂ ಅರ್ಥ. ಎರಡನೆಯದು 'ಇಸ್ಟ್' ಎಂಬ ಪ್ರತ್ಯಯ. ಗ್ರೀಕಿನ 'ಇಸ್ತೇಸ್' ಲ್ಯಾಟಿನ್ನಿನಲ್ಲಿ 'ಇಸ್ತಾ' ಆಗಿ, ಫ್ರೆಂಚಿನಲ್ಲಿ 'ಇಸ್ತ್' ಆಗಿ ಇಂಗ್ಲಿಷಿಗೆ ಬಂತು. ಒಂದು ಕೆಲಸವನ್ನು ಮಾಡುವವನು, ಅದರಲ್ಲಿ ತೊಡಗಿದವನು ಎಂಬುದು ಅದರ ಅರ್ಥ. ಕನ್ನಡದ 'ಗಾರ', 'ಇಗ' ಪ್ರತ್ಯಯಗಳ ಹಾಗೆ. ಅಲ್ಲಿಗೆ ಲಿಂಗ್ವಿಸ್ಟ್ ಎಂದರೆ ಅಕ್ಷರಶಃ 'ನಾಲಿಗೆಗಾರ'. ಈ ಅಕ್ಷರಶಃ ಅರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಇತಿಹಾಸವೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹುಟ್ಟು ಪೂರ್ತಿ ಇಂಗ್ಲಿಷಿನದೇ, ಅಥವಾ ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳ ಇಂಥದೇ ಪದಗಳ ನೆರಳೂ ಅದರ ಮೇಲೆ ಬಿದ್ದಿತ್ತೇ ಎಂಬುದರಲ್ಲಿ ಮಾತ್ರ ನಿಘಂಟುಕಾರರು ಎರಡೂ ಬಾಗಿಲು ತೆರೆದಿಟ್ಟಿದ್ದಾರೆ.

ಲಿಂಗ್ವಿಸ್ಟ್‌ಗೂ ನಮ್ಮ 'ಲಿಂಗ' ಪದಕ್ಕೂ ಸಂಬಂಧ ಇದೆಯಾ? ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಅಂತೀವಲ್ಲ?

ಇಲ್ಲ. ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದೇ, ಹಾಗಾಗಿ ತುಸು ವಿವರವಾಗಿ ಹೇಳುತ್ತೇನೆ. ಸಂಸ್ಕೃತದ 'ಲಿಂಗ' ಪದಕ್ಕೆ ಮೂಲ ಅರ್ಥ ಗುರುತು, ಚಿಹ್ನೆ. ವ್ಯಾಕರಣದ ಲಿಂಗ ಎಂಬ ಪರಿಭಾಷೆಯೂ ಆ ಗುರುತು ಎಂಬ ಅರ್ಥದಿಂದಲೇ ಬಂದದ್ದು. ಲ್ಯಾಟಿನ್ನಿನ ಲಿಂಗ್ವಾ ಮೊದಲಿನಿಂದಲೂ ನಾಲಿಗೆ. ಅರ್ಥದಲ್ಲಿ ಎರಡೂ ಎಲ್ಲಿಯೂ ಕೂಡುವುದಿಲ್ಲ.

ಅದಕ್ಕಿಂತ ಬಲವಾದ ಸಾಕ್ಷಿ ಧ್ವನಿಯದು. ಲಿಂಗ್ವಾದ ಮೊದಲಿನ ಲಕಾರ ಹುಟ್ಟಿನಿಂದ ಬಂದದ್ದಲ್ಲ. ಲ್ಯಾಟಿನ್ನಿನ ಒಳಗೇ, ತಡವಾಗಿ, ದಕಾರವೊಂದು ಲಕಾರವಾಗಿ ಬದಲಾಗಿದೆ. ಈ ಬದಲಾವಣೆ ಸಂಸ್ಕೃತವನ್ನು ಮುಟ್ಟೇ ಇಲ್ಲ. ಲಿಂಗ್ವಾಕ್ಕೆ ಸಂಸ್ಕೃತದಲ್ಲಿ ನಿಜವಾದ ಸಂಬಂಧಿ ಬೇರೆಯೇ ಇದೆ: 'ಜಿಹ್ವಾ', ನಮ್ಮ ಜಿಹ್ವೆ. ಲಿಂಗ ಮತ್ತು ಲಿಂಗ್ವಾ ಕೇಳಲು ಒಂದೇ ಥರ, ಸಂಬಂಧವಿಲ್ಲ. ಜಿಹ್ವಾ ಮತ್ತು ಲಿಂಗ್ವಾ ಕೇಳಲು ಬೇರೆ ಬೇರೆ, ಆದರೂ ಒಂದೇ ಮನೆಯ ಮಕ್ಕಳು. ಪದಗಳ ಚರಿತ್ರೆ ಓದಲು ಹೊರಡುವ ಯಾರಿಗಾದರೂ ಈ ಜೋಡಿಯನ್ನೇ ನಾನು ಮೊದಲ ಪಾಠವಾಗಿ ಹೇಳುತ್ತೇನೆ.

ಲ್ಯಾಂಗ್ವೇಜ್, ಲಿಂಗೋ, ಬೈಲಿಂಗ್ವಲ್, ಲಿಂಗ್ವಿನಿ, ಲಿಂಜರಿ — ಎಲ್ಲಾ ಒಂದೇ ಬೇರಾ?

ಕೊನೆಯದನ್ನು ಬಿಟ್ಟು ಉಳಿದವು ಒಂದೇ ಬೇರಿನವು. ಲ್ಯಾಂಗ್ವೇಜ್ ಹಳೆಯ ಫ್ರೆಂಚಿನ ಮೂಲಕ ಬಂದಿದ್ದರಿಂದ ಆಕಾರ ಬದಲಾಗಿದೆ. ಲಿಂಗ್ವಿನಿ ಎಂಬ ಚಪ್ಪಟೆ ಪಾಸ್ತಾದ ಹೆಸರಿಗೆ ಇಟಾಲಿಯನ್ನಿನಲ್ಲಿ ಪುಟ್ಟ ನಾಲಿಗೆಗಳು ಎಂದರ್ಥ. ಒಳಉಡುಪಿನ ಲಿಂಜರಿ ಮಾತ್ರ ಅಗಸೆನಾರಿನ ಬಟ್ಟೆಯಿಂದ, ಅಂದರೆ ಲಿನನ್‌ನಿಂದ, ಬಂದದ್ದು.

## ಬಳಕೆಯ ಚರಿತ್ರೆ

ಇಂಗ್ಲಿಷಿನಲ್ಲಿ ಈ ಪದ ಮೊದಲು ಯಾವಾಗ ಕಾಣಿಸಿಕೊಂಡಿತು?

1580ರ ದಶಕದಲ್ಲಿ. ಆಗ ಅದಕ್ಕೆ ಭಾಷೆಗಳಲ್ಲಿ ಪಳಗಿದವನು ಎಂಬ ಅರ್ಥವಿತ್ತು, ಜೊತೆಗೆ ನಾಲಿಗೆಯನ್ನು ಧಾರಾಳವಾಗಿ ಹರಿಬಿಡುವವನು, ಮಾತುಗಾರ ಎಂಬ ಅರ್ಥವೂ ಇತ್ತು. ಈ ಎರಡನೆಯದು ಈಗ ಸತ್ತುಹೋಗಿದೆ.

ಹೆಸರಾಂತ ಹಳೆಯ ಬಳಕೆ ಶೇಕ್ಸ್‌ಪಿಯರನದು. 'ದ ಟೂ ಜೆಂಟಲ್‌ಮೆನ್ ಆಫ್ ವೆರೋನಾ' ನಾಟಕದ ನಾಲ್ಕನೆಯ ಅಂಕದಲ್ಲಿ ವ್ಯಾಲೆಂಟೈನ್ ಎಂಬ ತರುಣ ಕಾಡಿನಲ್ಲಿ ದರೋಡೆಕೋರರ ಕೈಗೆ ಸಿಕ್ಕಿಬೀಳುತ್ತಾನೆ. ಅವರು ಅವನನ್ನು ವಿಚಾರಿಸುತ್ತಾ 'ನಾಲಿಗೆಗಳು ಬರುತ್ತವೆಯೇ?' ಎಂದು ಕೇಳುತ್ತಾರೆ. ಪರಭಾಷೆ ಗೊತ್ತೇ ಎಂದು ಆ ಮಾತಿನ ಅರ್ಥ. ಚಿಕ್ಕಂದಿನಲ್ಲಿ ದೇಶ ಸುತ್ತಿದ್ದರಿಂದ ಬರುತ್ತವೆ ಎನ್ನುತ್ತಾನೆ ಅವನು. ಸುಂದರ, ಅವನೇ ಹೇಳುವಂತೆ ಲಿಂಗ್ವಿಸ್ಟ್ ಕೂಡ, ಇಂಥವನು ನಮಗೆ ಬೇಕು ಎಂದು ಅವರು ಅವನನ್ನು ನಾಯಕನಾಗಲು ಕರೆಯುತ್ತಾರೆ. ಆ ದೃಶ್ಯದಲ್ಲಿ ವಿದ್ವತ್ತಿನ ಮಾತೇ ಇಲ್ಲ. ದಾರಿಯಲ್ಲಿ ಸಿಗುವ ಪರದೇಶಿಯೊಂದಿಗೆ ಮಾತಾಡಬಲ್ಲವನು ಬೇಕಾಗಿತ್ತು, ಅಷ್ಟೇ.

ಭಾಷೆಯನ್ನು ಅಭ್ಯಾಸ ಮಾಡುವವನು ಎಂಬ ಅರ್ಥಕ್ಕೆ ದಾಖಲೆ ಸಿಗುವುದು 1640ರ ದಶಕದಿಂದ. ಆದರೂ ಹಳೆಯ ಅರ್ಥವೇ ಬಹುಕಾಲ ಮುಂದಿತ್ತು. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಲಿಂಗ್ವಿಸ್ಟ್ ಪದಕ್ಕೆ ಕೊಟ್ಟ ಅರ್ಥ ಭಾಷೆಗಳಲ್ಲಿ ನಿಪುಣನಾದವನು ಎಂದು ಮಾತ್ರ.

ಅದಕ್ಕೂ ಮುಂಚೆ ಇಂಗ್ಲಿಷರು ಇಂಥವರನ್ನು ಏನಂತ ಕರೀತಿದ್ರು?

ಎರಡು ಭಾಷೆಗಳ ನಡುವೆ ನಿಂತವನಿಗೆ ಹಳೆಯ ಇಂಗ್ಲಿಷಿನಲ್ಲಿ 'ವೆಆಲ್ಹ್‌ಸ್ಟೋಡ್' ಎಂಬ ಪದವಿತ್ತು. ಅದರ ಮೊದಲ ಭಾಗ ಪರಕೀಯನನ್ನು ಸೂಚಿಸುತ್ತದೆ. ವೆಲ್ಷ್ ಜನರ ಹೆಸರು ಬಂದದ್ದೂ ಅದರಿಂದಲೇ. ನಾರ್ಮನ್ನರು ಬಂದ ಮೇಲೆ ಫ್ರೆಂಚಿನಿಂದ 'ಲ್ಯಾಟಿಮರ್' ಬಂತು. ಮೂಲದಲ್ಲಿ ಅದು ಲ್ಯಾಟಿನ್ ಬಲ್ಲವನು, ಬಳಕೆಯಲ್ಲಿ ಯಾವ ಭಾಷೆಯ ದುಭಾಷಿಯಾದರೂ ಸರಿ. ಇಂಗ್ಲಿಷರಲ್ಲಿ ಲ್ಯಾಟಿಮರ್ ಎಂಬ ಮನೆತನದ ಹೆಸರಾಗಿ ಅದು ಈಗಲೂ ಉಳಿದಿದೆ.

ಮೂರನೆಯದು 'ಡ್ರಾಗೊಮನ್'. ಅರಬ್ಬಿಯ 'ತರ್ಜುಮಾನ್' ಪದ ಗ್ರೀಕ್, ಲ್ಯಾಟಿನ್, ಫ್ರೆಂಚ್ ದಾಟಿ ಹೀಗಾಯಿತು. ಅದೇ ಅರಬ್ಬಿ ಮೂಲದಿಂದ ಹೊರಟ ಇನ್ನೊಂದು ಕವಲು ಪರ್ಷಿಯನ್ ಮೂಲಕ ಕನ್ನಡಕ್ಕೂ ಬಂದು 'ತರ್ಜುಮೆ' ಆಗಿದೆ. ಇದರ ಬೇರು ಮೆಸಪೊಟೇಮಿಯಾದ ಅಕ್ಕೇಡಿಯನ್ ಭಾಷೆಯವರೆಗೆ ಹೋಗುತ್ತದೆ. ಹಾಗೆ ನೋಡಿದರೆ ದುಭಾಷಿ ಎಂಬ ಕಸುಬಿನ ಹೆಸರು ಭಾಷಾವಿದ್ವಾಂಸ ಎಂಬ ಹೆಸರಿಗಿಂತ ಎಷ್ಟೋ ಹಳೆಯದು.

ಹಳೆಯ ವ್ಯಾಪಾರದ ಕಾಗದಪತ್ರಗಳಲ್ಲಿ 'ಕಂಪನಿಯ ಲಿಂಗ್ವಿಸ್ಟ್' ಅಂತ ಬರುತ್ತೆ. ಇವರು ವಿದ್ವಾಂಸರಾ?

ಅಲ್ಲ, ದುಭಾಷಿಗಳು. ಹಳೆಯ ದಾಖಲೆ ಓದುವವರು ಇಲ್ಲಿ ಎಚ್ಚರವಾಗಿರಬೇಕು. ಪೋರ್ಚುಗೀಸರು ದುಭಾಷಿಯನ್ನು ನೇರವಾಗಿ 'ಲಿಂಗ್ವಾ', ಅಂದರೆ 'ನಾಲಿಗೆ' ಎಂದೇ ಕರೆಯುತ್ತಿದ್ದರು. ಸ್ಪ್ಯಾನಿಷರಲ್ಲೂ ಇದೇ ಪದ್ಧತಿ. ಮೆಕ್ಸಿಕೋವನ್ನು ಗೆದ್ದ ಕೊರ್ತೇಸನಿಗೆ ಮಾತು ದಾಟಿಸಿಕೊಟ್ಟ ಮಾಲಿಂಚೆ ಎಂಬ ಸ್ಥಳೀಯ ಹೆಣ್ಣುಮಗಳು ಅವರ ಬರಹಗಳಲ್ಲಿ ಅವನ 'ಲೆಂಗ್ವಾ', ಅವನ ನಾಲಿಗೆ. ಪೂರ್ವದ ಕಡಲತೀರಗಳಿಗೆ ಇಂಗ್ಲಿಷರು ಬಂದದ್ದು ಪೋರ್ಚುಗೀಸರ ನಂತರ. ಆದ್ದರಿಂದ ಈ ಬಗೆಯ ಬಳಕೆ ಅವರಿಂದಲೇ ಬಂದಿರಬಹುದು ಎಂದು ಯೂಲ್ ಮತ್ತು ಬರ್ನೆಲ್ ತಮ್ಮ 1886ರ ಆಂಗ್ಲೋ-ಇಂಡಿಯನ್ ಪದಕೋಶ 'ಹಾಬ್ಸನ್-ಜಾಬ್ಸನ್'ನಲ್ಲಿ ಸೂಚಿಸಿದ್ದಾರೆ.

ಚೀನಾದ ಕ್ಯಾಂಟನ್ ಬಂದರಿನಲ್ಲಿ ಲಿಂಗ್ವಿಸ್ಟ್ ಎಂಬುದು ಒಂದು ಹುದ್ದೆಯೇ ಆಗಿತ್ತು. ಸರ್ಕಾರದ ಪರವಾನಗಿ ಪಡೆದ ಚೀನೀಯರು ವಿದೇಶಿ ಹಡಗುಗಳಿಗೂ ಸುಂಕದ ಕಟ್ಟೆಗೂ ನಡುವೆ ಓಡಾಡುತ್ತಾ ಸುಂಕದ ಲೆಕ್ಕ, ಅರ್ಜಿ, ಅನುಮತಿಗಳನ್ನು ನೋಡಿಕೊಳ್ಳುತ್ತಿದ್ದರು. ಅವರು ಆಡುತ್ತಿದ್ದುದು ವ್ಯಾಪಾರಕ್ಕೆ ಸಾಲುವಷ್ಟು ಪಿಜಿನ್, ಅಂದರೆ ಸರಳಗೊಂಡ ಬೆರಕೆ ಇಂಗ್ಲಿಷ್. ಉತ್ತರ ಅಮೆರಿಕದ ನ್ಯೂ ಇಂಗ್ಲೆಂಡ್ ವಸಾಹತುಗಳಲ್ಲಿ ಮೂಲನಿವಾಸಿಗಳಿಗೂ ಯುರೋಪಿಯನ್ನರಿಗೂ ನಡುವಿನ ದುಭಾಷಿಯನ್ನು 'ಲಿಂಗ್ವಿಸ್ಟರ್' ಎನ್ನುತ್ತಿದ್ದರು.

ಪಶ್ಚಿಮ ಆಫ್ರಿಕದ ಘಾನಾದ ಬಳಕೆ ಇನ್ನೂ ಸೊಗಸಾದದ್ದು. ಅಲ್ಲಿನ ಅಕಾನ್ ಜನರಲ್ಲಿ ಅರಸ ಸಭೆಯಲ್ಲಿ ಜನರೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಅವನ ವಕ್ತಾರ ಅರಸನ ಮಾತನ್ನು ಗಾದೆ, ಉಪಮೆಗಳಿಂದ ಅಂದಗೊಳಿಸಿ ಸಭೆಗೆ ಹೇಳುತ್ತಾನೆ, ಸಭೆಯ ಮಾತನ್ನು ಅರಸನಿಗೆ ಮುಟ್ಟಿಸುತ್ತಾನೆ. ಘಾನಾದ ಇಂಗ್ಲಿಷಿನಲ್ಲಿ ಇವನ ಹೆಸರು ಲಿಂಗ್ವಿಸ್ಟ್. ಅವನು ಹಿಡಿಯುವ, ತುದಿಯಲ್ಲಿ ಗಾದೆಯೊಂದನ್ನು ಚಿತ್ರಿಸುವ ಕೆತ್ತನೆಯ ಕೋಲಿಗೆ ಲಿಂಗ್ವಿಸ್ಟ್‌ನ ದಂಡ ಎಂದೇ ಹೆಸರು. ಇಲ್ಲಿ ಎರಡು ಭಾಷೆಗಳೂ ಇಲ್ಲ, ಭಾಷಾಂತರವೂ ಇಲ್ಲ. ಒಬ್ಬನ ನಾಲಿಗೆಯಾಗಿ ಇನ್ನೊಬ್ಬ ನಿಲ್ಲುವುದಷ್ಟೇ ಇದೆ. ಪದದ ಅಕ್ಷರಶಃ ಅರ್ಥಕ್ಕೆ ಇಷ್ಟು ಹತ್ತಿರದ ಬಳಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗ್ರಾಮೇರಿಯನ್, ಫಿಲಾಲಜಿಸ್ಟ್, ಲಿಂಗ್ವಿಸ್ಟ್ — ಮೂವರಲ್ಲಿ ಏನು ವ್ಯತ್ಯಾಸ?

ಮೂರು ಪದಗಳು ಭಾಷೆಯನ್ನು ಮೂರು ಕಡೆಯಿಂದ ಹಿಡಿಯುತ್ತವೆ. ಗ್ರಾಮೇರಿಯನ್ ಪದದ ಮೂಲದಲ್ಲಿ ಇರುವುದು ಗ್ರೀಕಿನ 'ಗ್ರಾಮ್ಮಾ', ಬರೆದ ಅಕ್ಷರ. ಹಾಗಾಗಿ ಅವನು ಅಕ್ಷರ ಬಲ್ಲವನು. ಓದುಬರಹ ಅಪರೂಪವಾಗಿದ್ದ ಕಾಲದಲ್ಲಿ ಗ್ರಾಮರ್ ಅಂದರೆ ಗೂಢವಿದ್ಯೆ, ಮಾಟಮಂತ್ರ ಎಂಬ ಭಾವನೆಯೂ ಜನರಲ್ಲಿತ್ತು. ಸ್ಕಾಟ್ಲೆಂಡಿನಲ್ಲಿ ಅದೇ ಪದ 'ಗ್ಲಾಮರ್' ಎಂದಾಗಿ, ಮೊದಲು ಮಾಯೆ ಎಂಬ ಅರ್ಥದಲ್ಲಿ ಬಳಕೆಯಾಗಿ, ಈಗಿನ ಚಲನಚಿತ್ರ ತಾರೆಯರ ಗ್ಲಾಮರ್ ಆಗಿದೆ.

ಫಿಲಾಲಜಿಸ್ಟ್ ಪದದಲ್ಲಿ ಇರುವುದು 'ಫಿಲೋಸ್' ಮತ್ತು 'ಲೋಗೋಸ್'. ಮಾತನ್ನು, ವಿದ್ಯೆಯನ್ನು ಪ್ರೀತಿಸುವವನು ಎಂದರ್ಥ. ತನ್ನನ್ನು ಹೀಗೆ ಕರೆದುಕೊಂಡವರಲ್ಲಿ ಮೊದಲಿಗ, ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಎರಟೋಸ್ತನೀಸ್ ಎಂದು ರೋಮನ್ ಲೇಖಕ ಸ್ಯುಟೋನಿಯಸ್ ಹೇಳುತ್ತಾನೆ. ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಎರಟೋಸ್ತನೀಸ್ ಇವನೇ. ಅಂದಮೇಲೆ ಆಗಿನ ಫಿಲಾಲಜಿ ಎಷ್ಟು ವಿಶಾಲವಾಗಿತ್ತೆಂದು ಊಹಿಸಬಹುದು. ಕಾಲ ಕಳೆದಂತೆ ಅದು ಹಳೆಯ ಗ್ರಂಥಪಾಠಗಳ ಅಧ್ಯಯನಕ್ಕೆ, ಮತ್ತು 19ನೇ ಶತಮಾನದ ಇಂಗ್ಲೆಂಡಿನಲ್ಲಿ ಭಾಷೆಗಳನ್ನು ಹೋಲಿಸಿ ಅವುಗಳ ಚರಿತ್ರೆ ಕಟ್ಟುವ ಕೆಲಸಕ್ಕೆ ನಿಂತಿತು. ಲಂಡನ್ನಿನ ಫಿಲಾಲಜಿಕಲ್ ಸೊಸೈಟಿ ಹುಟ್ಟಿದ್ದು 1842ರಲ್ಲಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಯೋಜನೆ ಮೊಳೆತದ್ದು ಅದರ ಸಭೆಗಳಲ್ಲಿ.

ಲಿಂಗ್ವಿಸ್ಟ್ ಆಡುವ ನಾಲಿಗೆಯಿಂದ ಹೊರಟವನು. ಇಪ್ಪತ್ತನೇ ಶತಮಾನದಲ್ಲಿ ಬರಹಕ್ಕಿಂತ ಆಡುಮಾತನ್ನೇ ಮುಂದಿಟ್ಟುಕೊಂಡ ಶಾಸ್ತ್ರ ಬೆಳೆದಾಗ ಈ ಹೆಸರು ಅದಕ್ಕೆ ಚೆನ್ನಾಗಿ ಒಪ್ಪಿತು. ಅದು ಯೋಚಿಸಿ ಆರಿಸಿದ ಹೆಸರಲ್ಲ, ಆದರೂ ಅಕ್ಷರ, ವಿದ್ಯಾಪ್ರೀತಿ, ನಾಲಿಗೆ ಈ ಮೂರರಲ್ಲಿ ನಾಲಿಗೆಯೇ ಉಳಿದದ್ದು ನನಗೆ ಸಂತೋಷದ ಸಂಗತಿ.

ವಿಲಿಯಂ ಜೋನ್ಸ್ ಅವರನ್ನು ಏನಂತ ಕರೀಬೇಕು?

ಅವರೇ ಬಳಸಿದ ಪದವನ್ನು ನೋಡೋಣ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹೊರಟಿವೆ ಎಂದು ಜೋನ್ಸ್ ಹೇಳಿದ್ದು 1786ರ ಫೆಬ್ರವರಿ 2ರಂದು, ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ. ಆ ಪ್ರಸಿದ್ಧ ವಾಕ್ಯದಲ್ಲಿ ಅವರು, ಮೂರನ್ನೂ ಪರೀಕ್ಷಿಸಿದ ಯಾವ 'ಫಿಲಾಲಜರ್' ಕೂಡ ಹಾಗೆ ನಂಬದೆ ಇರಲಾರ ಎನ್ನುತ್ತಾರೆ. ಫಿಲಾಲಜಿಸ್ಟ್‌ಗಿಂತ ಹಳೆಯ ರೂಪ ಅದು. ಅವರ ಕಾಲದಲ್ಲಿ ಲಿಂಗ್ವಿಸ್ಟ್ ಎಂದರೆ ಬಹುಭಾಷೆ ಬಲ್ಲವನು. ಹತ್ತಾರು ಭಾಷೆ ಬಲ್ಲ ಜೋನ್ಸ್ ಅದೂ ಆಗಿದ್ದರು. ಆದರೆ ಅವತ್ತು ಮಾಡಿದ ಕೆಲಸಕ್ಕೆ ಅವರ ಬಾಯಲ್ಲಿದ್ದ ಹೆಸರು ಫಿಲಾಲಜರ್.

## ಇನ್ನೂ ಆಳಕ್ಕೆ

ಲಿಂಗ್ವಾ ಮೊದಲು 'ದಿಂಗ್ವಾ' ಆಗಿತ್ತು ಅಂತಾರೆ. ಇದು ಊಹೆಯಾ, ದಾಖಲೆಯಾ?

ದಾಖಲೆ. ನಾಲ್ಕನೇ ಶತಮಾನದ ರೋಮನ್ ವೈಯಾಕರಣ ಮಾರಿಯಸ್ ವಿಕ್ಟೊರಿನಸ್, ಹಿಂದಿನವರು 'ದಿಂಗ್ವಾ' ಎನ್ನುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಇದೊಂದೇ ಪದವಾಗಿದ್ದರೆ ಅನುಮಾನಿಸಬಹುದಿತ್ತು, ಆದರೆ ಜೊತೆಗೆ ಬೇರೆ ಸಾಕ್ಷಿಗಳಿವೆ. ಕಣ್ಣೀರಿಗೆ ಲ್ಯಾಟಿನ್ನಿನಲ್ಲಿ 'ಲಕ್ರಿಮಾ', ಹಳೆಯ ರೂಪ 'ದಕ್ರುಮಾ', ಗ್ರೀಕಿನಲ್ಲಿ 'ದಕ್ರು'. ಗಂಡನ ತಮ್ಮನಿಗೆ ಲ್ಯಾಟಿನ್ನಿನಲ್ಲಿ 'ಲೆವಿರ್', ಸಂಸ್ಕೃತದಲ್ಲಿ 'ದೇವರ'. ಇಲ್ಲೆಲ್ಲ ಉಳಿದ ಭಾಷೆಗಳ ದಕಾರದ ಜಾಗದಲ್ಲಿ ಲ್ಯಾಟಿನ್ ಲಕಾರ ಇಟ್ಟಿದೆ. ಎಲ್ಲ ಪದಗಳಲ್ಲಿ ಹೀಗಾಗಿಲ್ಲ, ಕೆಲವದರಲ್ಲಿ ಮಾತ್ರ. ರೋಮಿನ ನೆರೆಯ ಸೇಬೈನ್ ಜನರ ಮಾತಿನ ಪ್ರಭಾವ ಎಂದು ಕೆಲವರು ವಿವರಿಸುತ್ತಾರೆ. ನಾಲಿಗೆಯ ಪದದಲ್ಲಿ ಮಾತ್ರ ಇನ್ನೊಂದು ಕಾರಣವೂ ಕೂಡಿರಬಹುದು: ಲ್ಯಾಟಿನ್ನಿನಲ್ಲಿ ನೆಕ್ಕು ಎಂಬುದಕ್ಕೆ 'ಲಿಂಗೆರೆ' ಎನ್ನುತ್ತಾರೆ. ನೆಕ್ಕುವ ಅಂಗದ ಹೆಸರು ನೆಕ್ಕುವ ಕ್ರಿಯೆಯ ಕಡೆಗೆ ವಾಲುವುದು ಸಹಜ. ಲಿಥುವೇನಿಯನ್ ಭಾಷೆಯ ನಾಲಿಗೆಯ ಪದದಲ್ಲೂ ಹೀಗೆಯೇ ಲಕಾರ ಬಂದು ಕೂತಿದೆ.

ಟಂಗ್, ಜಿಹ್ವಾ, ಲಿಂಗ್ವಾ ಮೂರೂ ಒಂದೇ ಪದ ಅಂತ ಹೇಗೆ ನಂಬೋದು? ಕಿವಿಗೆ ಒಂದಕ್ಕೊಂದು ಹೊಂದಲ್ಲ.

ಕಿವಿಯನ್ನು ಪಕ್ಕಕ್ಕಿಟ್ಟು ಸಾಲು ಸಾಲಾಗಿ ಪದಗಳನ್ನು ಜೋಡಿಸಿ ನೋಡಬೇಕು. ಸಂಸ್ಕೃತ ದ್ವಿ, ಲ್ಯಾಟಿನ್ ದುಓ, ಇಂಗ್ಲಿಷ್ ಟೂ. ಸಂಸ್ಕೃತ ದಶ, ಲ್ಯಾಟಿನ್ ದೆಕೆಮ್, ಇಂಗ್ಲಿಷ್ ಟೆನ್. ಸಂಸ್ಕೃತ ದಂತ, ಲ್ಯಾಟಿನ್ ದೆಂತ್, ಇಂಗ್ಲಿಷ್ ಟೂತ್. ಲ್ಯಾಟಿನ್ನಿನಲ್ಲಿ ದಕಾರವಿದ್ದಲ್ಲಿ ಇಂಗ್ಲಿಷಿನಲ್ಲಿ ಟಕಾರ ಬರುತ್ತದೆ. ಈ ಬಗೆಯ ಹೊಂದಾಣಿಕೆಗಳನ್ನು ಯಾಕೋಬ್ ಗ್ರಿಮ್ 1822ರಲ್ಲಿ ಕ್ರಮವಾಗಿ ವಿವರಿಸಿದ್ದರಿಂದ ಇದಕ್ಕೆ ಗ್ರಿಮ್ ನಿಯಮ ಎಂದು ಹೆಸರು. ಹಾಗಾದರೆ ದಿಂಗ್ವಾಕ್ಕೆ ಇಂಗ್ಲಿಷಿನಲ್ಲಿ ಟಕಾರದಿಂದ ಶುರುವಾಗುವ ಜೋಡಿ ಇರಬೇಕು. ಇದೆ: ಟಂಗ್. ಲ್ಯಾಟಿನ್ನಿನ ಕಣ್ಣೀರು ದಕ್ರುಮಾ, ಇಂಗ್ಲಿಷಿನ ಕಣ್ಣೀರು ಟಿಯರ್. ಅದೇ ದಾರಿ.

ಜಿಹ್ವಾದ ಮೊದಲಕ್ಷರ ಮಾತ್ರ ಈ ಸಾಲಿಗೆ ನೇರವಾಗಿ ಬರುವುದಿಲ್ಲ. ನಾಲಿಗೆಯ ಪದ ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್‌ಗಳು ಸೇರಿದ ಈ ಕುಟುಂಬದ ಹಲವು ಭಾಷೆಗಳಲ್ಲಿ ಆರಂಭದ ಧ್ವನಿಯನ್ನು ತನ್ನದೇ ರೀತಿಯಲ್ಲಿ ಕೆಡಿಸಿಕೊಂಡಿದೆ. ಪ್ರಾಚೀನ ಇರಾನಿನ ಧರ್ಮಗ್ರಂಥ ಅವೆಸ್ತಾದ ಭಾಷೆಯಲ್ಲಿ ಅದು 'ಹಿಜ್ವಾ'. ಇದಕ್ಕೆ ಪವಿತ್ರ ಅಥವಾ ಅಪಾಯದ ವಸ್ತುವಿನ ಹೆಸರನ್ನು ಬೇಕೆಂದೇ ತಿರುಚಿ ಹೇಳುವ ರೂಢಿ ಕಾರಣವೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಆದರೆ ಪದದ ಹಿಂಭಾಗ ಮತ್ತು ಅರ್ಥ ಸ್ಥಿರವಾಗಿ ನಿಂತಿರುವುದರಿಂದ ಜಿಹ್ವಾ ಈ ಕುಟುಂಬದ್ದೆಂಬುದನ್ನು ವಿದ್ವಾಂಸರು ಒಪ್ಪುತ್ತಾರೆ.

ಕನ್ನಡದ 'ನಾಲಿಗೆ' ಈ ಕುಟುಂಬಕ್ಕೆ ಸೇರುತ್ತಾ?

ಇಲ್ಲ, ಅದು ದ್ರಾವಿಡ ಪದ. ತಮಿಳಿನ 'ನಾ', 'ನಾಕ್ಕು', ತೆಲುಗಿನ 'ನಾಲುಕ' ಅದರ ಬಂಧುಗಳು. ಆದರೆ ಅರ್ಥದ ಹರಿವು ಒಂದೇ: ನಾವೂ 'ನಾಲಿಗೆ ಇಲ್ಲದವನು', 'ಎರಡು ನಾಲಿಗೆಯವನು' ಎಂದಾಗ ಅಂಗವನ್ನು ಹೇಳಿ ಮಾತನ್ನು ಸೂಚಿಸುತ್ತೇವೆ.

ಬೇರೆ ಭಾಷೆಗಳಲ್ಲೂ ಭಾಷಾವಿದ್ವಾಂಸನ ಹೆಸರು ನಾಲಿಗೆಯಿಂದಲೇ ಬಂದಿದೆಯಾ?

ಕೆಲವದರಲ್ಲಿ. ರಷ್ಯನ್ನಿನ 'ಯಜಿಕವೇದ್' ನನಗೆ ಅಚ್ಚುಮೆಚ್ಚು. ಯಜಿಕ್ ಅಂದರೆ ನಾಲಿಗೆಯೂ ಹೌದು, ಭಾಷೆಯೂ ಹೌದು. ವೇದ್ ಅಂದರೆ ತಿಳಿದವನು, ಸಂಸ್ಕೃತದ 'ವಿದ್', 'ವೇದ'ಗಳ ನೇರ ಬಂಧು. ಇಟಾಲಿಯನ್ನಿನಲ್ಲಿ ಗ್ರೀಕಿನ ನಾಲಿಗೆ 'ಗ್ಲೊತ್ತಾ'ದಿಂದ ಮಾಡಿದ 'ಗ್ಲೊತ್ತೊಲೊಗೊ' ಇದೆ. ಜರ್ಮನರು ಮಾತ್ರ ಅಂಗವನ್ನು ಬಿಟ್ಟು, ಮಾತಾಡು ಎಂಬ ಕ್ರಿಯೆಯ ಕಡೆಯಿಂದ 'ಸ್ಪ್ರಾಖ್‌ವಿಸೆನ್‌ಷಾಫ್ಟ್ಲರ್' ಎಂಬ ಉದ್ದ ಪದ ಕಟ್ಟಿಕೊಂಡಿದ್ದಾರೆ.

ಲ್ಯಾಟಿನ್ ಪದಕ್ಕೆ ಗ್ರೀಕ್ ಪ್ರತ್ಯಯ ಅಂಟಿಸಿದ್ದು ತಪ್ಪಲ್ವಾ?

ಹಿಂದೆ ಕೆಲವರಿಗೆ ಹಾಗನ್ನಿಸಿತ್ತು. ಮ್ಯಾಕ್ಸ್ ಮ್ಯುಲ್ಲರ್ 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಭಾಷಾಶಾಸ್ತ್ರದ ಬಗ್ಗೆ ಉಪನ್ಯಾಸ ಕೊಡುವಾಗ ಈ ಶಾಸ್ತ್ರಕ್ಕೆ ಯಾವ ಹೆಸರಿಡಬೇಕು ಎಂಬುದನ್ನೇ ಚರ್ಚಿಸಿದ್ದಾರೆ. ಫ್ರೆಂಚರ 'ಲಿಂಗ್ವಿಸ್ಟಿಕ್' ಅನುಕೂಲದ ಹೆಸರು, ಆದರೆ ತುಸು ಅಸಂಸ್ಕೃತ ಎಂಬುದು ಅವರ ಅಭಿಪ್ರಾಯ. ಗ್ರೀಕಿನಿಂದ ಮಾಡೋಣವೆಂದರೆ, ಮಾತು ಎಂಬರ್ಥದ 'ಮಿಥೋಸ್'ನಿಂದ ಬರುವ ಮೈಥಾಲಜಿ ಆಗಲೇ ಪುರಾಣಗಳ ಪಾಲಾಗಿದೆ, 'ಲೋಗೋಸ್'ನಿಂದ ಮಾಡಿದ ಲೊಗಾಲಜಿ ಕಿವಿಗೆ ಕರ್ಕಶ ಎಂದರು. ಗ್ಲಾಸಾಲಜಿ, ಗ್ಲಾಟಾಲಜಿ ಎಂಬ ಶುದ್ಧ ಗ್ರೀಕ್ ಹೆಸರುಗಳು ಕೂಡ ಆ ಶತಮಾನದಲ್ಲಿ ಸ್ಪರ್ಧೆಯಲ್ಲಿದ್ದವು. ಇಂಗ್ಲಿಷಿನಲ್ಲಿ ಅವು ನಿಲ್ಲಲಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ: ಇಲ್ಲಿ ತಪ್ಪಿಲ್ಲ. 'ಇಸ್ಟ್' ಆ ಹೊತ್ತಿಗಾಗಲೇ ಯಾವ ಪದಕ್ಕಾದರೂ ಹತ್ತುವ ಪ್ರತ್ಯಯವಾಗಿತ್ತು. ಹಲ್ಲಿನ ವೈದ್ಯ 'ಡೆಂಟಿಸ್ಟ್' ಕೂಡ ಲ್ಯಾಟಿನ್ ಹಲ್ಲಿಗೆ ಗ್ರೀಕ್ ಬಾಲ ಕಟ್ಟಿದ ಪದವೇ. ಸಂಸ್ಕೃತದ 'ಕಾರ'ದಿಂದ ಬಂದ 'ಗಾರ'ವನ್ನು ಕನ್ನಡ ತನ್ನ ಪದಗಳಿಗೆ ಸೇರಿಸಿ ಮಾತುಗಾರ, ಹಾಡುಗಾರ ಮಾಡಿಕೊಂಡಿತು. ಅದನ್ನು ಯಾರೂ ಬೆರಕೆ ಎಂದು ಹೊರಗೆ ಹಾಕಿಲ್ಲ.

ಗೊಂದಲ ತಪ್ಪಿಸೋಕೆ 'ಲಿಂಗ್ವಿಸ್ಟಿಶಿಯನ್' ಅಂತ ಮಾಡಬಹುದಿತ್ತಲ್ಲ?

ಮಾಡಿ ನೋಡಿದ್ದಾರೆ. 19ನೇ ಶತಮಾನದ ಕೊನೆಯ ದಶಕದಲ್ಲಿ ಆ ಪದ ಹುಟ್ಟಿತು. ಅಷ್ಟರಲ್ಲಿ ಶಾಸ್ತ್ರಕ್ಕೆ ಲಿಂಗ್ವಿಸ್ಟಿಕ್ಸ್ ಎಂಬ ಹೆಸರು ಬಂದಿತ್ತು, ಮ್ಯಾಥಮೆಟಿಕ್ಸ್‌ಗೆ ಮ್ಯಾಥಮೆಟಿಶಿಯನ್ ಇದ್ದ ಹಾಗೆ ಇದಕ್ಕೂ ಒಂದು ಇರಲಿ ಎಂಬ ತರ್ಕ. ತರ್ಕ ಸರಿಯಾಗಿದೆ, ಅರ್ಥವೂ ಖಚಿತ. ಆದರೆ ಲಿಂಗ್ವಿಸ್ಟ್ ಎಂಬ ಚಿಕ್ಕ ಪದ ಆಗಲೇ ಬಾಯಿಗೆ ಹತ್ತಿದ್ದರಿಂದ ಉದ್ದನೆಯದನ್ನು ಭಾಷಾವಿಜ್ಞಾನಿಗಳೇ ಒಪ್ಪಿಕೊಳ್ಳಲಿಲ್ಲ. ಹಳೆಯ ಪುಸ್ತಕಗಳಲ್ಲಿ ಅಲ್ಲಲ್ಲಿ ಸಿಗುತ್ತದೆ.

ಹಾಗಾದ್ರೆ ಇಂಗ್ಲಿಷಿನ ಲಿಂಗ್ವಿಸ್ಟ್ ಅನ್ನು ಕನ್ನಡಕ್ಕೆ ತರುವಾಗ ಏನು ಬಳಸಬೇಕು?

ಸಂದರ್ಭ ನೋಡಿ ಬಳಸಬೇಕು, ಒಂದೇ ಪದಕ್ಕೆ ಜೋತುಬೀಳಬಾರದು. ಇಂಗ್ಲಿಷಿನವರು ಒಂದೇ ಪದದಲ್ಲಿ ತುರುಕಿದ್ದನ್ನು ಬೇರೆ ಬೇರೆಯಾಗಿ ಹೇಳಲು ಕನ್ನಡದಲ್ಲಿ ಪದಗಳಿವೆ. ವಿದ್ವಾಂಸರಾದರೆ ಭಾಷಾವಿಜ್ಞಾನಿ ಅಥವಾ ಭಾಷಾಶಾಸ್ತ್ರಜ್ಞ. ಅಚ್ಚಗನ್ನಡ ಬಯಸುವವರು ಭಾಷಾವಿಜ್ಞಾನಕ್ಕೆ ನುಡಿಯರಿಮೆ ಎನ್ನುತ್ತಾರೆ, ಅದರಲ್ಲಿ ತೊಡಗಿದವರು ನುಡಿಯರಿಗರು. ಹಲವು ಭಾಷೆ ಆಡುವವರು ಬಹುಭಾಷಿಕರು. ಮಾತು ದಾಟಿಸುವವರು ದುಭಾಷಿಗಳು. ಕ್ಯಾಂಟನ್ನಿನ ಲಿಂಗ್ವಿಸ್ಟ್‌ನನ್ನು ಭಾಷಾವಿಜ್ಞಾನಿ ಎಂದು ಅನುವಾದಿಸಿದರೆ ಸುಂಕದ ಕಟ್ಟೆಯ ಕಷ್ಟಜೀವಿಯೊಬ್ಬ ಪುಟದಿಂದಲೇ ಮಾಯವಾಗುತ್ತಾನೆ. ಘಾನಾದವನಿಗೆ ಮಾತ್ರ ಈ ಯಾವುದೂ ಒಗ್ಗುವುದಿಲ್ಲ. ಅವನನ್ನು ಅರಸನ ನಾಲಿಗೆ ಎಂದೇ ಬರೆಯಿರಿ.